ಕಿವಿ ಕಾಣಬೇಕು

ಬಿಳಿ ಪರದೆ, ಒಂದು ಸ್ಟೂಲು, ದಾರ ಕಟ್ಟಿದ ಬಾಚಣಿಗೆ.
ಹಾಸನದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ಮೆಟ್ಟಿಲ ಕೆಳಗೆ ನನ್ನ ಸ್ಟುಡಿಯೋ.
ಐದು ವರ್ಷಕ್ಕೊಮ್ಮೆ ಬರುತ್ತಾಳೆ ಯಾಂಗ್ಚೆನ್,
ಸ್ವೆಟರ್ ಅಂಗಡಿಯ ಯಾಂಗ್ಚೆನ್,
ಉಣ್ಣೆಯ ಜೊತೆಗೆ ನುಸಿಗುಳಿಗೆಯ ಘಾಟು ಹೊತ್ತು.

“ಕಿವಿ ಕಾಣಬೇಕಮ್ಮ” ಅನ್ನುವ ಮೊದಲೇ
ಹವಳದ ಓಲೆ ಬಿಚ್ಚಿ ಅಂಗೈಯಲ್ಲಿ ಮುಚ್ಚಿ
ಕೂದಲು ಹಿಂದಕ್ಕೆ ಸರಿಸಿ
ನಗು ತೆಗೆದು ಪಕ್ಕಕ್ಕಿಟ್ಟು ಕೂರುತ್ತಾಳೆ.

ಮೊದಲ ಸಲ ಬಂದಾಗ ಹದಿನಾರು.
ಎರಡು ಜಡೆ, ಕೆಂಪು ಟೇಪು.
ಪಕ್ಕದಲ್ಲಿ ಪಟ್ಟೆಪಟ್ಟೆ ಮೇಲುಡುಪಿನ ಅವ್ವ,
ಕನ್ನಡದಲ್ಲಿ ಲೆಕ್ಕ ಮಾತ್ರ ಬರುತ್ತಿದ್ದವಳು,
“ಹತ್ತು ರೂಪಾಯ್ ಬಿಡು” ಅಂದಳು.
ಬಿಟ್ಟೆ.

ಅರ್ಜಿ ತುಂಬುವುದೂ ನನ್ನ ಕೌಂಟರಿನ ಮೇಲೆಯೇ.
ಹುಟ್ಟಿದ ಊರು: ಹಾಸನ.
ರಾಷ್ಟ್ರೀಯತೆ: ಅದನ್ನು ಸರಸರ ಬರೆದುಬಿಡುತ್ತಾಳೆ,
ಬಿಸಿ ಪಾತ್ರೆ ಇಳಿಸುವವರ ಹಾಗೆ.
ಪೆನ್ನು ನಿಲ್ಲುವುದು ಕೆಳಗಿನ ಗೆರೆಯಲ್ಲಿ:
ಈ ದೇಶಕ್ಕೆ ಬಂದ ದಿನಾಂಕ, ಬಂದ ದಾರಿ.

“ಏನ್ ಬರೀಲಣ್ಣ?
ಬಂದಿದ್ದು ದೊಡ್ಡಾಸ್ಪತ್ರೆ ವಾರ್ಡಿಗೆ, ಬೆಳಗಿನ ಜಾವ ನಾಲ್ಕಕ್ಕೆ.
ದಾರೀನ ನಮ್ಮವ್ವನ್ನೇ ಕೇಳ್ಬೇಕು.”

ಎಸ್ಪಿ ಆಫೀಸಿನ ಆ ರೂಮಿನಲ್ಲಿ
ಕೂರುವವರು ಬದಲಾಗುತ್ತಾರೆ, ಬೀರು ಬದಲಾಗುವುದಿಲ್ಲ.
ಒಬ್ಬರು ಮೂರು ಸಲ ಅಲೆಸಿದರಂತೆ.
ಒಬ್ಬರು ಕೂರಿಸಿ ಟೀ ತರಿಸಿ
ಮೊಮ್ಮಗುವಿಗೊಂದು ಟೋಪಿ, ಕಿವಿ ಮುಚ್ಚೋ ಥರದ್ದು,
ಎಷ್ಟಾಗುತ್ತೆ ಅಂತ ಕೇಳಿದರಂತೆ.
“ವರ್ಷಕ್ಕೊಂದೇ ಸಲ ಬಾಗಿಲು ತೆಗೆಯೋ ಅಮ್ಮನ ಊರಣ್ಣ ಇದು,
ನಮ್ಮ ಸರದಿ ಐದಕ್ಕೊಂದ್ಸಲ. ಇರಲಿ ಬಿಡು, ತೆಗೀತದಲ್ಲ.”

ಒಂದು ಹಾಳೆಗೆ ಎಂಟು ಪಟ. ಅವಳು ಒಯ್ಯುವುದು ಆರು.
ಮಿಕ್ಕವು ನನ್ನ ಬಿಸ್ಕತ್ತಿನ ಡಬ್ಬಿಗೆ.
ಅವ್ವ ಹೋದಾಗ
ಕಾರ್ಡಿಗೆ ಇನ್ನೂ ಎರಡು ವರ್ಷ ಆಯಸ್ಸಿತ್ತು.
ಅದನ್ನು ವಾಪಸು ಒಪ್ಪಿಸಿ ಬಂದವಳು
ನೇರ ಇಲ್ಲಿಗೇ ಬಂದಳು, ಮಾತಿಲ್ಲದೆ.
ಡಬ್ಬಿ ಬೋರಲು ಹಾಕಿ ಹುಡುಕಿದೆವು.
ಅಂಗುಲದ ಮುಖವನ್ನು ಅಡಿಯುದ್ದ ಹಿಗ್ಗಿಸುವಾಗ
ಸುಕ್ಕುಗಳೆಲ್ಲ ಮಸುಕಾದವು.
ಎರಡು ಕಿವಿ ಮಾತ್ರ
ಸ್ಪಷ್ಟವಾಗಿದ್ದವು.

ಈ ಸಲ ಅವಳು ಬಂದ ದಿನ
ನಾನು ರೇಷನ್ ಅಂಗಡಿಯಿಂದ ಬರಿಗೈಲಿ ಬಂದಿದ್ದೆ.
ಮೂವತ್ತು ವರ್ಷ ಕತ್ತಲೆಕೋಣೆಯ ದ್ರಾವಣದಲ್ಲಿ ಅದ್ದಿದ ಬೆರಳು,
ಮಿಷನ್ನಿನ ಗಾಜಿನ ಮೇಲೆ
ಎಷ್ಟು ಒತ್ತಿದರೂ ಗೆರೆ ಮೂಡದು.
ಹೆಬ್ಬೆಟ್ಟು, ತೋರುಬೆರಳು, ಕೊನೆಗೆ ಕಿರುಬೆರಳು,
“ಹೊಂದಿಕೆಯಾಗುತ್ತಿಲ್ಲ, ಮುಂದಿನವರು ಬನ್ನಿ.”

ಅವಳು ನನ್ನ ಕೈ ತಿರುಗಿಸಿ ನೋಡಿದಳು.
“ಬಂದ ದಿನಾಂಕ ಏನಂತ ಬರೀತೀರಿ?” ಅಂದಳು.
ಸ್ಟೂಲಿನ ಮೇಲಿದ್ದಾಗ ನಗಬಾರದು. ನಕ್ಕಳು.
ನಾನೂ ನಕ್ಕೆ. ಆ ಪಟ ಅಲ್ಲಾಡಿ ಕೆಟ್ಟಿತು,
ಮತ್ತೆ ತೆಗೆದೆ.

ಹೊಸ ಕಾರ್ಡು ತೋರಿಸಲು ಮೊನ್ನೆ ಬಂದಿದ್ದಳು.
ಹೇಳಿದೆ: ಕಟ್ಟಡ ಮಾರಿದ್ದಾರೆ, ಮಳಿಗೆ ಖಾಲಿ ಮಾಡಬೇಕು,
ಮುಂದಿನ ಸಲಕ್ಕೆ ನಾನೆಲ್ಲೋ ಏನೋ.

ಅವಳು ಕಾರ್ಡನ್ನು ಬೆಳಕಿಗೆ ಹಿಡಿದು
ಕೊನೆಯ ಸಾಲಿನ ಮೇಲೆ ಉಗುರಿಟ್ಟಳು.
“ನಾನಿಲ್ಲೇ ಇರ್ತೀನಿ ಅಂತ
ತಾರೀಖು ಹಾಕಿ ಬರೆದುಕೊಟ್ಟವ್ರೆ, ನೋಡಿ.
ನಿಮಗೆ ಯಾರೂ ಕೊಡಲಿಲ್ವಾ?”