ಹಸು ತಿಂದ ಪುಸ್ತಕ

ಚುಪ್ಚಿ ಹೊಳೆ ಗಡ್ಡೆಕಟ್ಟಿ ಗಾಡಿ ಹಾಯುವಂತಾದ ಮೇಲೆ
ಬಂದ ಓಪೋನ್, ಬಗಲಲ್ಲಿ ಹನ್ನೆರಡು ನೋಟುಪುಸ್ತಕ,
ಮೂಗಿನ ತುದಿಯಲ್ಲೊಂದು ಹನಿ.
ಮೊದಲು ಅದನ್ನು ಒರೆಸಿಕೋ ಅಂದಳು ಅಜ್ಜಿ.

"ಉಡ್ಮುರ್ತರಿಗೂ ಒಂದು ಮಹಾಕಾವ್ಯ ಬೇಕು, ಪಲಗಿ ಅಜ್ಜಿ.
ಉಳಿದವರಿಗೆಲ್ಲ ಇದೆ."
"ಇತ್ತಲ್ಲ," ಹಿಟ್ಟು ನಾದುತ್ತ ಅಂದಳು,
"ಭೂರ್ಜದ ತೊಗಟೆ ಮೇಲೆ ಬರೆದಿಟ್ಟಿದ್ದರು ಹಿರಿಯರು.
ದೇವರಿಗೆ ಹೇಳುವ ಮಾತು, ಸತ್ತವರಿಗೆ ಹೇಳುವ ಮಾತು,
ಬೇಲಿ ಜಗಳದ ತೀರ್ಮಾನ, ಎಲ್ಲ.
ಬಿಸಿಲಿಗೆ ಹರವಿ ಒಂದು ಗಳಿಗೆ ಕಣ್ಣು ಮುಚ್ಚಿದರು.
ಬಿಳಿ ಹಸು ಬಂದು ತಿಂದುಬಿಟ್ಟಿತು.
ಬರೆದುಕೋ. ಇದೇ ಮೊದಲು."

ಅವನು ಬರೆಯಲಿಲ್ಲ. ವೀರರು ಬೇಕಿತ್ತು ಅವನಿಗೆ.

ಹಾಗಾಗಿ ಅಲಂಗಸಾರರನ್ನು ಕೊಟ್ಟಳು,
ಪೈನು ಕಾಡೇ ತುರಿಚೆ ಗಿಡದ ಪೊದೆಯಾದಂಥ ದೈತ್ಯರನ್ನು.
ಒಬ್ಬನ ಅಂಗೈಗೆ ಸಿಕ್ಕಿತೊಂದು ಮರಕುಟಿಗ,
ಮರಕುಟಿಗವಲ್ಲ, ಕೊಡಲಿ ಹಿಡಿದ ಮನುಷ್ಯ.
ತಾಯಿ ನೋಡಿದಳಂತೆ: "ಇಳಿಸು ಮಗನೇ,
ನಮ್ಮ ಕಾಲ ಮುಗಿಯಿತು, ಇನ್ನು ನೆಲ ಇವರದು."
ದೀಪ ಹಿಡಿದು ನಿಂತಿದ್ದೆ ನಾನು, ಒಂಬತ್ತು ವರ್ಷದವಳು.
ಆ ಮಾತಿಗೆ ಅಜ್ಜಿಯ ಕೈ ಹಿಟ್ಟಿನೊಳಗೇ ನಿಂತಿತು.
ಪೆನ್ಸಿಲು ನಿಲ್ಲಲಿಲ್ಲ.

ಕೊನೆಯ ಸಂಜೆ ಹಾಡಿದಳು.
ಮಾತಿಲ್ಲದ ಹಾಡು, ನಮ್ಮ ಮನೆತನದ್ದು.
ಮದುವೆಯಲ್ಲಿ ಏರುತ್ತದೆ,
ಗಂಡುಮಕ್ಕಳನ್ನು ದಂಡಿಗೆ ಕಳಿಸುವಾಗ ಇಳಿಯುತ್ತದೆ.
ಆಯ್, ಗಾಯ್, ಎಯ್. ಅಷ್ಟೇ.
"ಅರ್ಥ?" ಅಂದ.
"ಅರ್ಥ ಗೊತ್ತಿದ್ದರೆ ಮಾತಾಡುತ್ತಿದ್ದೆ. ಹಾಡಲೇಕೆ?"
ಬೆರಳು ಮಡಚಿ ಎಣಿಸಿದ,
ಬಿಚ್ಚಿದ, ಮತ್ತೆ ಮಡಚಿದ.
ಒಲೆ ಬೂದಿಯಾಗುವ ತನಕ.

ಪುಸ್ತಕ ಬಂದದ್ದು ಮೂವತ್ತು ವರ್ಷ ಕಳೆದು.
ಓಪೋನ್ ಇರಲಿಲ್ಲ. ಒಂದು ರಾತ್ರಿ ಕರೆದೊಯ್ದವರು
ಮನೆಗೆ ತಿರುಗಿ ಕಳಿಸಿದ್ದು ಕನ್ನಡಕ ಮಾತ್ರ.

ಗ್ಲಾಜೋವಿನ ಗ್ರಂಥಾಲಯದಲ್ಲಿ ಕೂತು ಹುಡುಕಿದೆ.
ದೈತ್ಯರಿದ್ದಾರೆ, ಸಾಲಿಗೆ ಎಂಟೆಂಟು ಅಕ್ಷರ ಹೆಜ್ಜೆ ಹಾಕುತ್ತ.
ಆ ತಾಯಿ ಸಭೆಯೆದುರು ನಿಂತಂತೆ ಭಾಷಣ ಮಾಡುತ್ತಾಳೆ.
ಹಿಟ್ಟಿಲ್ಲ. ಅಜ್ಜಿಯ ಕೆಮ್ಮಿಲ್ಲ. ಹಸು ಇಲ್ಲವೇ ಇಲ್ಲ.
ನೂರ ನಲವತ್ತೆರಡನೇ ಪುಟದಲ್ಲಿ ಮಾತ್ರ
ಏಳು ಸಾಲು ಬರೀ ಚುಕ್ಕಿ.
"ಅಚ್ಚಿನ ತಪ್ಪು" ಎಂದು ಯಾರೋ ಅಂಚಿನಲ್ಲಿ ಗೀಚಿದ್ದಾರೆ.

ಚುಕ್ಕಿಯ ಮೇಲೆ ಬೆರಳಿಟ್ಟೆ, ಒಂದೊಂದಾಗಿ.
ಆಯ್, ಗಾಯ್...
ಶ್, ಅಂದಳು ಮೇಜಿನಾಚೆಯ ಹೆಂಗಸು.

ಸಂಜೆ ಊರಿಗೆ ಮರಳಿ ಹಸುವಿಗೆ ಹುಲ್ಲು ಹಾಕಿದೆ.
ಬಿಳಿಯದಲ್ಲ, ನಮ್ಮದು ಕಂದು,
ಒಂದು ಕೊಂಬು ಮುರಿದದ್ದು.
ಮೆಲುಕು ಹಾಕುತ್ತಿತ್ತು.
ಚಳಿ ಹತ್ತುವವರೆಗೂ
ಆ ದವಡೆಯನ್ನೇ ನೋಡುತ್ತ ನಿಂತೆ.