ಹ್ಯಾಟಪ್ಪನ ತಂತಿ

ಅರಸೀಕೆರೆ ಜಂಕ್ಷನ್ನಿನ ಗೂಡ್ಸ್ ಶೆಡ್ಡಿನ ಬೆನ್ನಿಗೆ
ಖಲಂದರನ ಬೀಡಿ ಅಂಗಡಿ. ಸೆಣಬಿನ ಹಗ್ಗದ ಮೇಲೆ
ಚಡ್ಡಿ ಒಣಹಾಕಿದ ಹಾಗೆ ಯುದ್ಧದ ಪುಸ್ತಕಗಳು:
ದಿನಕ್ಕೆ ಹತ್ತು ಪೈಸೆ, ಹರಿದರೆ ಎಂಟಾಣೆ,
ಮೊದಲೇ ಹರಿದದ್ದಕ್ಕೂ ಎಂಟಾಣೆ.

ಇಂಗ್ಲಿಷು ನಮಗೆ ಬಾರದು. ಗುಣಪಾಲನಿಗೆ
'ಹ್ಯಾಂಡ್ಸಪ್' ಬರುತ್ತಿತ್ತು, ನನಗೆ ಅದೂ ಇಲ್ಲ.
ಚಿತ್ರ ನೋಡಿ ಮಾತು ನಾವೇ ಹಾಕಿದೆವು.
ಟೋಪಿ ಕಣ್ಣಿಗಿಳಿಸಿದ ಗೂಢಚಾರ ನಮ್ಮ ಹ್ಯಾಟಪ್ಪ,
ಪ್ಯಾರಾಚೂಟಿನಿಂದ ಶತ್ರುವಿನ ಹುಲ್ಲುಬಣವೆಗೆ ಬಿದ್ದು
"ಅಯ್ಯೋ ನನ್ನ ಸೊಂಟ" ಅನ್ನುವನು.
ಜರ್ಮನ್ ಜನರಲ್ಲು ಬೈಯುವುದು
ಥೇಟ್ ಸ್ಟೇಷನ್ ಮಾಸ್ತರರ ಹೆಂಡತಿಯ ಹಾಗೆ.

ಎಪ್ಪತ್ತೊಂದರ ಡಿಸೆಂಬರು.
ಲಾರಿಗಳ ಕಣ್ಣಿಗೆ ಅರ್ಧ ಕಪ್ಪು ಬಳಿದರು.
ಟಾರ್ಪಾಲು ಹೊದ್ದ ಗಾಡಿಗಳು ನಿಲ್ಲದೆ ಹೋದವು.
ಡಬ್ಬಿ ಎಣಿಸಿದೆವು; ಎಣಿಸುವವರೇ ಗೂಢಚಾರರು
ಎಂದು ನೆನಪಾಗಿ, ಮೂವತ್ತೊಂದಕ್ಕೆ ನಿಲ್ಲಿಸಿದೆವು.

ಆಗ ಅನುಮಾನ ಬಿದ್ದದ್ದು ತಂತಿ ಗುಮಾಸ್ತ ಇರುದಯಂ ಮೇಲೆ.
ಒಂಟಿ ಆಸಾಮಿ. ಬಲಗಿವಿ ಕೇಳದು.
ಬೆಕ್ಕಿಗೆ ತಮಿಳಿನಲ್ಲಿ ಬುದ್ಧಿ ಹೇಳುವನು.
ಹೋಟೆಲಿನಲ್ಲಿ ಕೂತರೂ ಬೆರಳು ಸುಮ್ಮನಿರದು,
ಲೋಟದ ಅಂಚಿಗೆ ಕಟ್ಟ ಕಡ ಕಡ ಕಟ್ಟ.
ಯಾರಿಗೆ ಹೇಳುತ್ತಿದ್ದಾನೆ?
ಹನ್ನೊಂದು ದಿನ ಬೆನ್ನು ಬಿದ್ದೆವು. ಸಿಕ್ಕ ಸಾಕ್ಷ್ಯ:
ಅರ್ಧ ಸೇರು ಕಡಲೆಕಾಯಿ, ಭಾನುವಾರದ ಚರ್ಚು,
ಉಂಗುಷ್ಠ ಹೊಲಿಸಿದ ಚಪ್ಪಲಿ.

ಹನ್ನೆರಡನೆಯ ದಿನ ಅವನೇ ನಮ್ಮನ್ನು ಹಿಡಿದ.
ಗುಣಪಾಲ ಓಡಿದ. ನನ್ನ ಲಂಗ ಸಿಗ್ನಲ್ ತಂತಿಗೆ ಸಿಕ್ಕಿತ್ತು.
ಬಿದ್ದ ಪುಸ್ತಕ ಎತ್ತಿ ಮಣ್ಣು ಕೊಡವಿದ.
ಹ್ಯಾಟಪ್ಪ ಸೇತುವೆ ಕೆಳಗೆ ಕೂತು ಸುದ್ದಿ ಕಳಿಸುವ ಪುಟ;
ಪೆಟ್ಟಿಗೆಯಿಂದೇಳುವ ಚುಕ್ಕಿ, ಗೆರೆ, ಚುಕ್ಕಿ.
ನಾವದನ್ನು "ಸೇತುವೆ ಹಾರಿಸಲೆ?" ಎಂದು ಓದಿಕೊಂಡಿದ್ದೆವು.

ಅವನು ಬೆರಳಿಟ್ಟು ಓದಿದ. ಮತ್ತೊಮ್ಮೆ ಓದಿದ.
ನಕ್ಕು, ನಗು ಕೆಮ್ಮಾಗಿ, ಕಣ್ಣೊರೆಸಿಕೊಂಡ.
"ಚಿತ್ರ ಬರೆದೋನಿಗೆ ತಂತಿ ಗೊತ್ತು, ಪಾಪಾ.
ಏನಂತಾನೆ ಗೊತ್ತಾ?
ಮೂರು ವಾರ ಆಯ್ತು, ಸಂಬಳ ಬಂದಿಲ್ಲ."

"ನೀವು ಯುದ್ಧ ನೋಡಿದೀರಾ?"
"ಬರ್ಮಾದಲ್ಲಿ. ಇದೇ ಬೆರಳು."
"ಏನು ಕಳಿಸಿದಿರಿ?"
"ಬೂಟು ಕಳಿಸಿ. ಕ್ವಿನೈನ್ ಕಳಿಸಿ. ಬೂಟು ಕಳಿಸಿ."
"ಬಂದವಾ?"
"ಬಂದವು. ಎಲ್ಲಾ ಎಡಗಾಲಿಂದು."
ಸಿಗ್ನಲ್ ತಂತಿ ಬಗ್ಗಿಸಿ ಲಂಗ ಬಿಡಿಸಿದ.
ಕೇಳದ ಕಿವಿಯ ಕತೆ ನಾನು ಕೇಳಲಿಲ್ಲ.

ಏನು ಬರೆದಿತ್ತೇ, ಅಂದ ಗುಣಪಾಲ ಬೇಲಿಯಾಚೆಯಿಂದ.
"ಹಾರಿಸು ಅಂತ" ಅಂದೆ. ನಂಬಿದ.
ಆ ಪುಸ್ತಕಕ್ಕೆ ಕೊನೆಯ ಪುಟವೇ ಇರಲಿಲ್ಲ,
ಯಾರಿಗೋ ನಶ್ಯ ಕಟ್ಟಿಕೊಟ್ಟಿದ್ದನಂತೆ ಖಲಂದರ.
ಮೊದಲೇ ಹರಿದಿತ್ತು, ಅಂದೆ.
ಹೌದಮ್ಮ, ಅಂದ. ಎಂಟಾಣೆ ಇಸಿದುಕೊಂಡ.