ಕೆಂಜಾರು ಪದವಿನಲ್ಲಿ

ಐದೂವರೆಗೇ ಬಂದು ಬೆಲ್ ಹೊಡೆದ ವಲೇರಿಯನ್.
ಹಿಂದೆ ಸಮದ್, ಸಮದನ ಭಾವ;
ನನ್ನ ಮಗಳು ಪ್ರಾಪ್ತಿಗೆ ಇನ್ನೂ ಶೂ ಲೇಸಿನ ಜೊತೆ ಜಗಳ.

ಡಾಮರು ಮುಗಿದಲ್ಲಿ ಮಾತೂ ಮುಗಿಯಿತು.
ಮುರಕಲ್ಲಿನ ಪಾದೆ, ಹುಲ್ಲೊಳಗೆ ಹಳೆ ಕೋರೆಯ ಬಾಯಿ.
ಟಯರಿನಡಿ ಜಲ್ಲಿ ಅರಳಿನ ಹಾಗೆ ಸಿಡಿಯಿತು,
ಗೇರುಮರ ಒಬ್ಬೊಬ್ಬರ ಹೆಲ್ಮೆಟ್ಟಿಗೂ ಮೊಟಕಿ ಕಳಿಸಿತು.

ಏರಿನಲ್ಲಿ ನಾನು ಹಿಂದೆ ಬಿದ್ದೆ.
ಐದು ವರ್ಷದ ಹಿಂದೆ ಅವಳ ಸೀಟು ಹಿಡಿದು ಓಡಿದವನು.

ತಿರುವಿಗೊಮ್ಮೆ ನಿಂತಿರುತ್ತಾಳೆ:
ಒಮ್ಮೆ ನೀರು ಕುಡಿಯುತ್ತ,
ಒಮ್ಮೆ ಸರಿಯಿರುವ ಚೈನನ್ನೇ ಸರಿಮಾಡುತ್ತ,
ಒಮ್ಮೆ "ಅಪ್ಪಾ, ವಿಮಾನ!" ಎಂದು ಮೇಲೆ ನೋಡುತ್ತ.
ಮೇಲೆ ಒಂದು ಗಿಡುಗ ಮಾತ್ರ.
ಕಾದೆ ಅಂತ ಅವಳು ಹೇಳುವುದಿಲ್ಲ,
ಕಾದೆಯಾ ಅಂತ ನಾನೂ ಕೇಳುವುದಿಲ್ಲ.

ಇಳಿಜಾರಿನಲ್ಲಿ ಬ್ರೇಕು ಬಿಟ್ಟುಬಿಟ್ಟೆ.
"ಮೆಲ್ಲ ಮಾರಾಯ!" ವಲೇರಿಯನ್ ಬೊಬ್ಬೆ ಹೊಡೆಯುವಷ್ಟರಲ್ಲಿ
ಕೆಸರಲ್ಲಿ ನಾನು, ನನ್ನ ಮೇಲೆ ಸೈಕಲ್ಲು,
ಅದರ ಚಕ್ರ ಇನ್ನೂ ತಿರುಗುತ್ತಲೇ ಇತ್ತು, ನಾಚಿಕೆಯಿಲ್ಲದೆ.

ಈಗ ಹೋಟೆಲಿನ ಬೆಂಚು, ಬಿಸಿ ಬನ್ಸು,
ಮೊಣಕೈಗೆ ಸಮದನ ಕರ್ಚೀಫು.
ಮನೆಯಲ್ಲಿ ಹೇಳಬೇಕಾದ ಸುಳ್ಳನ್ನು
ಐವರೂ ಸೇರಿ ಕಟ್ಟುತ್ತಿದ್ದೇವೆ.
ಪ್ರಾಪ್ತಿಯದ್ದೇ ನಂಬುವ ಹಾಗೆ ಉಂಟು.